ಯಾವುದನ್ನು ಮರೆಮಾಡಿದಿರಿ?

ಪಾಡ್‌ಕಾಸ್ಟ್‌ನಲ್ಲಿ ಚಿತ್ರ ತೋರಿಸೋಕೆ ಆಗಲ್ಲ, ಅದಕ್ಕೇ ಈ ಮಾತನ್ನು ಬರೆಯುತ್ತಿದ್ದೇನೆ. ಫ್ರಾಕ್ಟಲ್ ಚಿತ್ರಗಳನ್ನು ನೀವು ನೋಡಿಯೇ ಇರುತ್ತೀರಿ: ಸುರುಳಿಯೊಳಗೆ ಸುರುಳಿ, ಅದರೊಳಗೆ ಇನ್ನೊಂದು. ನಾನು ಮಾಡಿದ ಒಂದನ್ನು ನೋಡಿ ಮಗಳು ಕೇಳಿದಳು, "ಅಪ್ಪಾ, ಇದು ಕಂಪ್ಯೂಟರ್ ಮಾಡಿದ್ದಲ್ವಾ? ನೀನೇನು ಮಾಡಿದೆ?" ಆಗ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ಮ್ಯಾಂಡೆಲ್‌ಬ್ರಾಟ್ ಸೆಟ್ಟನ್ನೇ ತೆಗೆದುಕೊಳ್ಳಿ. ಪ್ರತಿ ಬಿಂದುವಿಗೂ ಒಂದೇ ಲೆಕ್ಕ: ವರ್ಗ ಮಾಡು, ಬಿಂದುವಿನ ಬೆಲೆಯನ್ನು ಕೂಡಿಸು, ಬಂದದ್ದನ್ನು ಮತ್ತೆ ವರ್ಗ ಮಾಡು. ಕೆಲವು ಬಿಂದುಗಳು ಬೇಗ ಅನಂತದ ಕಡೆ ಓಡಿಹೋಗುತ್ತವೆ, ಕೆಲವು ತಡಮಾಡುತ್ತವೆ, ಕೆಲವು ಹೋಗುವುದೇ ಇಲ್ಲ. ಆ ವೇಗಕ್ಕೆ ತಕ್ಕಂತೆ ಬಣ್ಣ. 1985ರ ಆಗಸ್ಟ್‌ನಲ್ಲಿ ಸೈಂಟಿಫಿಕ್ ಅಮೆರಿಕನ್ ಮುಖಪುಟಕ್ಕೆ ಬಂದು ಜಗತ್ತನ್ನು ಬೆರಗುಗೊಳಿಸಿದ್ದು ಇದೇ. ಆದರೆ ಇಷ್ಟರಲ್ಲಿ ಕಲಾವಿದ ಮಾಡುವುದು ಎರಡೇ ಕೆಲಸ, ಎಲ್ಲಿ ಇಣುಕಬೇಕು, ಯಾವ ಬಣ್ಣ ಹಾಕಬೇಕು. ಮಗಳ ಪ್ರಶ್ನೆ ಅಷ್ಟೇನೂ ಅನ್ಯಾಯದ್ದಲ್ಲ.

ಫ್ರೆಡರಿಕ್ ಸ್ಲೈಕರ್‌ಮನ್ ಬರೆದ ಅಲ್ಟ್ರಾ ಫ್ರಾಕ್ಟಲ್‌ನಂಥ ತಂತ್ರಾಂಶ ಈ ಆಟವನ್ನು ಬದಲಿಸಿತು. ಅಲ್ಲಿ ಒಂದರ ಮೇಲೊಂದು ಲೇಯರ್ ಇಡಬಹುದು, ಪ್ರತಿಯೊಂದಕ್ಕೂ ಬೇರೆ ಸೂತ್ರ, ಬೇರೆ ಬಣ್ಣದ ಲೆಕ್ಕ. ಜೊತೆಗೆ ಮಾಸ್ಕ್. ದಯವಿಟ್ಟು ಇದನ್ನು ಮುಖವಾಡ ಅಂತ ಅನುವಾದ ಮಾಡಬೇಡಿ. ಇಲ್ಲಿ ಅದು ಮರೆ. ಮಾಸ್ಕ್ ಬಿಳಿಯಿದ್ದಲ್ಲಿ ಮೇಲಿನ ಲೇಯರ್ ಕಾಣುತ್ತದೆ, ಕಪ್ಪಿದ್ದಲ್ಲಿ ಮರೆಯಾಗುತ್ತದೆ, ಬೂದು ಇದ್ದಲ್ಲಿ ಅರೆಬರೆ.

ನನಗೆ ಮುಖ್ಯ ಅನ್ನಿಸುವುದು ಆ ಮರೆ ಎಲ್ಲಿಂದ ಬಂತು ಅನ್ನೋದು. ಫೋಟೋಶಾಪ್‌ಗೆ ಒಯ್ದು ಬ್ರಶ್ಶಿನಿಂದ ಬಳಿದ ಮಾಸ್ಕ್ ಬರೀ ಪಿಕ್ಸೆಲ್. ಹತ್ತಿರ ಹೋದರೆ ಅಂಚು ಮಸುಕಾಗಿ, ಹಳೇ ಗೋಡೆಗೆ ಹೊಸ ಗಾರೆ ಮೆತ್ತಿದ ಹಾಗೆ ಕಾಣುತ್ತದೆ. ಅಲ್ಟ್ರಾ ಫ್ರಾಕ್ಟಲ್‌ನಲ್ಲಿ ಮಾಸ್ಕ್ ಕೂಡ ಒಂದು ಫ್ರಾಕ್ಟಲ್. ಸೀಹಾರ್ಸ್ ವ್ಯಾಲಿ ಎನ್ನುವ ಸುರುಳಿಗಳ ಕಣಿವೆಯನ್ನು ಕೆಳಗಿಡಿ. ಅದೇ ಜಾಗವನ್ನು ಆರ್ಬಿಟ್ ಟ್ರ್ಯಾಪ್ ಲೆಕ್ಕದಲ್ಲಿ ಮತ್ತೊಮ್ಮೆ ಬಣ್ಣಿಸಿ ಮೇಲಿಡಿ. ತೆಳುವಾದ ಎಳೆಗಳು ಎಲ್ಲೆಲ್ಲೂ ಹರಡುತ್ತವೆ. ಈಗ ಅದೇ ಸೂತ್ರ, ಅದೇ ಜಾಗ, ತಡಮಾಡುವ ಬಿಂದುಗಳು ಮಾತ್ರ ಬಿಳಿಯಾಗುವಂಥ ಮಾಸ್ಕ್ ಹಾಕಿ. ಎಳೆಗಳು ಅಂಚಿನ ಹತ್ತಿರ ಮಾತ್ರ ಉಳಿಯುತ್ತವೆ, ಸುರುಳಿಯ ಮೈಯಿಂದಲೇ ಚಿಗುರಿದ ಹಾಗೆ. ಎಷ್ಟು ಒಳಗೆ ಹೋದರೂ ಮೆತ್ತಿದ ಗುರುತು ಸಿಗಲ್ಲ. ಇಲ್ಲಿ ಯಾವುದು ಕಾಣಬೇಕು ಅಂತ ತೀರ್ಮಾನಿಸಿದ್ದು ಮನುಷ್ಯ. ಆದರೆ ಅವನು ಆ ತೀರ್ಮಾನವನ್ನು ಹೇಳಿದ್ದು ಆಕಾರದ ಭಾಷೆಯಲ್ಲೇ.

1999ರ ತಮ್ಮ ಪ್ರಣಾಳಿಕೆಯಲ್ಲಿ ಕೆರಿ ಮಿಚೆಲ್, ಫ್ರಾಕ್ಟಲ್ ಕಲೆಗೆ ಕಲಾವಿದನ ಶ್ರಮವೂ ಬುದ್ಧಿಯೂ ಬೇಕು ಅಂತ ವಾದಿಸಿದರು. ಒಪ್ಪುತ್ತೇನೆ. ತೊಂದರೆ ಏನೆಂದರೆ, ಆಮೇಲೆ ಬಂದ ಎಷ್ಟೋ ಜನ ಶ್ರಮವನ್ನು ಲೇಯರ್ ಎಣಿಸಿ ಅಳೆಯತೊಡಗಿದರು. ನಲವತ್ತು, ಐವತ್ತು, ಮೇಲೊಂದಿಷ್ಟು ಹೊಳಪು! ಮದುವೆಮನೆ ಸ್ಟೇಜಿನ ಅಲಂಕಾರದ ಥರ, ಹೂವಿನ ಮಧ್ಯೆ ಮದುಮಕ್ಕಳೇ ಕಾಣಲ್ಲ. ಅಂಥವನ್ನು ನೋಡುವಾಗ ನನಗೆ ಮೊದಲಿನ ಬರಿಯ ಚಿತ್ರವೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ.

ನನ್ನದೂ ಅದೇ ಕಥೆ. ಮಗಳಿಗೆ ಉತ್ತರ ಕೊಡುವ ಹಟದಲ್ಲಿ ಫೈಲು ತೆರೆದು ಲೇಯರ್‌ಗಳನ್ನು ತೋರಿಸಿದೆ. ಇಪ್ಪತ್ಮೂರಿದ್ದವು. ಅವಳು ಮೌಸ್ ತಗೊಂಡು ಒಂದೊಂದೇ ಆಫ್ ಮಾಡುತ್ತಾ ಹೋದಳು. "ಇದು ತೆಗೆದ್ರೂ ಏನೂ ಆಗ್ಲಿಲ್ಲ. ಇದು ತೆಗೆದ್ರೂ." ಹದಿನೇಳು ಹೋದವು, ಚಿತ್ರ ಹೆಚ್ಚುಕಡಿಮೆ ಹಾಗೇ ಇತ್ತು. ಹದಿನೆಂಟನೆಯದು ಒಂದು ಮಾಸ್ಕ್ ಇದ್ದ ಲೇಯರ್. ಅದನ್ನು ಆಫ್ ಮಾಡಿದ ಕೂಡಲೇ ಸುರುಳಿ ಚಪ್ಪಟೆಯಾಗಿ ಸತ್ತ ಹಾಗಾಯಿತು. ಅವಳು ಒಂದು ಕ್ಷಣ ಸುಮ್ಮನಿದ್ದು, ಮತ್ತೆ ಆನ್ ಮಾಡಿ ಹೇಳಿದಳು:

"ಓ, ಇದು ನೀನು ಮಾಡಿದ್ದು."