ಪ್ಲೇಗಿನ ಕಥೆಗಳಲ್ಲಿ ಕಾಣದ ಸಿಪಾಯಿ

ನಾನು ವಿಮರ್ಶಕನಲ್ಲ. ಹಗಲೆಲ್ಲ ಬ್ಯಾಂಕಿನ ಕೌಂಟರಿನಲ್ಲಿ ಕೂತು ರಾತ್ರಿ ಕಾದಂಬರಿ ಓದುವವನು. ಊರು ಅಕ್ಕಲಕೋಟ ತಾಲೂಕಿನ ತಡವಳ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಕಾಸರಗೋಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2020ರ ಲಾಕ್‌ಡೌನಿನಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಮತ್ತೆ ಓದಿದೆ. ಕಾಲೇಜಿನಲ್ಲಿ ಓದಿದಾಗ ಪ್ರಾಣೇಶಾಚಾರ್ಯ, ಚಂದ್ರಿ ಇವರೇ ಕಣ್ಣಿಗೆ ಕಟ್ಟಿದ್ದರು. ಈ ಸಲ ಇಲಿಗಳು ಕಂಡವು. ಶಿವಮೊಗ್ಗೆಯಿಂದ ಜ್ವರ ತಂದ ನಾರಣಪ್ಪ ಸಾಯುತ್ತಾನೆ, ಇಲಿ ಬೀಳುತ್ತವೆ, ಹದ್ದುಗಳು ಮಾಡಿನ ಮೇಲೆ ಕೂರುತ್ತವೆ. ಅಗ್ರಹಾರದವರು ಶಂಖ ಊದಿ ಅವನ್ನು ಓಡಿಸುತ್ತಾರೆ. ಹೆಣ ಸುಡುವವರು ಯಾರು ಎಂಬ ಪ್ರಶ್ನೆಯಲ್ಲಿ ರೋಗ ಮುಚ್ಚಿಹೋಗುತ್ತದೆ. ಅತ್ತ ಬೆಳ್ಳಿಯ ತಂದೆತಾಯಿ ಸತ್ತರೆ ಗುಡಿಸಲಿಗೇ ಬೆಂಕಿ. ಅವರ ಪಾಲಿಗೆ ಸಂಸ್ಕಾರವೂ ಅದೇ, ರೋಗನಿವಾರಣೆಯೂ ಅದೇ. ಕಾದಂಬರಿಯ ನಿಜವಾದ ಕಠೋರ ಜಾಗ ಇದು ಎಂದು ನನಗೀಗ ಅನ್ನಿಸುತ್ತದೆ. ನಮ್ಮ ವಿಮರ್ಶಕರು ಆಚಾರ್ಯರ ಹಿಂದೆ ಹೋದಷ್ಟು ಈ ಗುಡಿಸಲಿನ ಹತ್ತಿರ ನಿಲ್ಲಲಿಲ್ಲ.

ಆದರೆ ಪ್ಲೇಗು ಈ ನಾಡಿಗೆ ಒಂದೇ ಬರಲಿಲ್ಲ, ಫೌಜನ್ನು ಬೆನ್ನಿಗೆ ಕಟ್ಟಿಕೊಂಡು ಬಂತು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಕಂಡಿತು. 1897ರ ಫೆಬ್ರುವರಿ 4ಕ್ಕೆ ಸಾಂಕ್ರಾಮಿಕ ರೋಗಗಳ ಕಾಯ್ದೆ ಹೊರಟಿತು. ಪುಣೆಯಲ್ಲಿ ರ‍್ಯಾಂಡ್ ಎಂಬ ಅಧಿಕಾರಿಯ ಸಮಿತಿ ಗೋರಾ ಸಿಪಾಯಿಗಳನ್ನು ಮನೆಮನೆಗೆ ನುಗ್ಗಿಸಿತು. ರೋಗಿ ಆಸ್ಪತ್ರೆಗೆ, ಮನೆಮಂದಿ ಕ್ಯಾಂಪಿಗೆ. ನೆಲ ಅಗೆದರು, ಅರಿವೆ ಅಂಚಡಿ ಸುಟ್ಟರು. ಹೆಂಗಸರ ಮೈಯಲ್ಲಿ ಪರಗಂಡಸರು ಗಂಟು ಹುಡುಕುತ್ತಾರೆಂಬುದೇ ಜನರ ಎಲ್ಲಕ್ಕಿಂತ ದೊಡ್ಡ ದೂರು. ಜೂನ್ 22ರ ರಾತ್ರಿ ಚಾಪೇಕರ ಸಹೋದರರು ರ‍್ಯಾಂಡನಿಗೆ ಗುಂಡು ಹಾರಿಸಿದರು. ತಿಳಕರಿಗೆ ರಾಜದ್ರೋಹದ ಮೇಲೆ 18 ತಿಂಗಳ ಶಿಕ್ಷೆಯಾಯಿತು. ಮರಾಠಿಯಲ್ಲಿ ಉಳಿದದ್ದು ಆ ಗುಂಡು. 1979ರ ಸಿನಿಮಾದ ಹೆಸರೇ ‘22 ಜೂನ್ 1897’. ಕನ್ನಡದಲ್ಲಿ ಪ್ಲೇಗು ಧರ್ಮದ ಪ್ರಶ್ನೆಯಾಯಿತು, ಮರಾಠಿಯಲ್ಲಿ ದೇಶಭಕ್ತಿಯದು. ಎರಡರಲ್ಲೂ ರೋಗಿ ಹಿಂದೆ ಸರಿದ.

ನ್ಯಾಯವಾಗಿ ಒಂದು ಮಾತು ಹೇಳಬೇಕು: ರೋಗ ಸುಳ್ಳಲ್ಲ, ತಡೆಯುವ ಅಗತ್ಯವೂ ಸುಳ್ಳಲ್ಲ. ಹಾಫ್‌ಕಿನ್ ತನ್ನ ಲಸಿಕೆಯನ್ನು 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಆದರೆ ಇಲಿಯ ಮೇಲಿನ ಚಿಗಟದಿಂದ ಪ್ಲೇಗು ಹಬ್ಬುತ್ತದೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಕಂಡುಕೊಂಡದ್ದು 1898ರಲ್ಲಿ, ಕರಾಚಿಯಲ್ಲಿ. ಅಂದರೆ ನೆಲ ಅಗೆಯುತ್ತಿದ್ದ ಸಿಪಾಯಿಗೆ ತಾನು ಏನನ್ನು ಹುಡುಕುತ್ತಿದ್ದೇನೆಂಬುದೇ ಗೊತ್ತಿರಲಿಲ್ಲ. ನಮ್ಮಜ್ಜಿ ತನ್ನ ಅತ್ತೆಯಿಂದ ಕೇಳಿದ್ದನ್ನು ಹೇಳುತ್ತಿದ್ದಳು: “ಇಲಿ ಬಿದ್ವು ಅಂದ್ರ ಊರು ಬಿಡೂದಪಾ. ಹೊಲದಾಗ ಗುಡಸಲಾ ಹಾಕ್ಕೊಂಡು ಇರೂದು.” ಚಿಗಟದ ಸುದ್ದಿ ಆಕೆಗೂ ತಿಳಿಯದು. ಆದರೂ ಮಾಡಿದ್ದು ಸರಿಯಾಗಿತ್ತು.

ಮಲಯಾಳದಲ್ಲಿ ತಕಳಿಯವರ ‘ತೋಟ್ಟಿಯುಡೆ ಮಗನ್’ (1947) ಬೇರೆ ದಾರಿ ಹಿಡಿಯುತ್ತದೆ. ನಾನು ಓದಿದ್ದು ಇಂಗ್ಲಿಷಿನಲ್ಲಿ. ಆಲಪ್ಪುಳದ ಮಲ ಹೊರುವವರ ಮೂರು ತಲೆಮಾರಿನ ಕಥೆಯದು. ಊರಿನ ಆರೋಗ್ಯ ಯಾರ ತಲೆಯ ಮೇಲಿನ ಬುಟ್ಟಿಯಲ್ಲಿದೆ ಎಂದು ಅದು ನೇರವಾಗಿ ತೋರಿಸುತ್ತದೆ. ‘ಸಂಸ್ಕಾರ’ದಷ್ಟು ಆಳವಿಲ್ಲ, ಅಲ್ಲಲ್ಲಿ ಭಾಷಣದ ವಾಸನೆಯೂ ಇದೆ. ಆದರೆ ಮುನಿಸಿಪಾಲಿಟಿಗೆ ಮುಖ ಕೊಟ್ಟಿದ್ದಾರೆ. ನಮ್ಮವರು ಕೊಡಲಿಲ್ಲ.

ಸಿಪಾಯಿ ಕಾಲದ ಒಳ್ಳೆಯ ಬರಹ ಯಾವುದು ಎಂದು ಕೇಳಿದರೆ ನಾನು ಕಾದಂಬರಿ ತೋರಿಸುವುದಿಲ್ಲ. ಪಂಡಿತಾ ರಮಾಬಾಯಿ 1897ರಲ್ಲಿ ‘ಬಾಂಬೆ ಗಾರ್ಡಿಯನ್’ ಪತ್ರಿಕೆಗೆ ಬರೆದ ಪತ್ರ ತೋರಿಸುತ್ತೇನೆ. ಈಕೆ ಹುಟ್ಟಿದ್ದು ನಮ್ಮ ಸಹ್ಯಾದ್ರಿಯ ಗಂಗಾಮೂಲದಲ್ಲಿ. ಪುಣೆಯ ಪ್ಲೇಗು ಆಸ್ಪತ್ರೆಯಲ್ಲಿ ಹೆಂಗಸರ ಗತಿ ಏನೆಂದು ನೇರವಾಗಿ ಕೇಳಿದಳು. ಮಿಷನರಿಗಳ ಗೆಳತಿಯಾಗಿದ್ದೂ ಸರಕಾರಕ್ಕೆ ಅಂಜಲಿಲ್ಲ. ಅದನ್ನು ಇಡಿಯಾಗಿ ಕನ್ನಡದಲ್ಲಿ ಓದಬೇಕೆಂದು ನನ್ನ ಆಸೆ.

ಇಷ್ಟೆಲ್ಲ ಹಳೆಯ ಮಾತೇಕೆ? 2020ರಲ್ಲೂ ಊರೂರಿನಲ್ಲಿ ಜಾರಿಗೆ ಬಂದದ್ದು ಅದೇ 1897ರ ಕಾಯ್ದೆ. ಆಳುವವರು ಪರದೇಶದವರಲ್ಲ, ನಾವೇ ಆರಿಸಿದವರು. ಆ ಫರಕು ದೊಡ್ಡದೇ. ಆದರೂ ತಡವಳದ ನಮ್ಮ ಓಣಿಯ ಗೋಡೆಗೆ ಹಚ್ಚಿದ ನೋಟೀಸು ಮರಾಠಿಯಲ್ಲೇ ಇತ್ತು. ಕನ್ನಡ ಶಾಲೆಯಲ್ಲಿ ನಾಲ್ಕನೇತ್ತೆ ಕಲಿತ ನಮ್ಮವ್ವ ಅದರ ಮುಂದೆ ನಿಂತು, “ಏನಂತ ಬರದಾರೋ ತಮ್ಮಾ, ಹೊರಗ ಹೋಗಬಾರದೋ, ಹೋಗಬೇಕೋ?” ಎಂದು ಕೇಳಿದಳು. ಅದೇ ವಾರಗಳಲ್ಲಿ ತಲಪಾಡಿಯಂಥ ಗಡಿಗಳಲ್ಲಿ ಕರ್ನಾಟಕ ರಸ್ತೆ ಬಂದ್ ಮಾಡಿತ್ತು, ಕೆಲವು ಕಡೆ ಮಣ್ಣು ಸುರಿದಿತ್ತು. ಮಂಗಳೂರಿನ ಆಸ್ಪತ್ರೆ ಮುಟ್ಟಲಾಗದೆ ಕಾಸರಗೋಡಿನ ರೋಗಿಗಳು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆಗೆಸಲು ಹೇಳಬೇಕಾಯಿತು. ಮಣ್ಣು ಸುರಿದವರ ಭಾಷೆ ಕನ್ನಡ, ಆಂಬುಲೆನ್ಸಿನಲ್ಲಿ ನರಳಿದವರಲ್ಲಿ ಎಷ್ಟೋ ಜನರ ಭಾಷೆಯೂ ಕನ್ನಡ. ಇದನ್ನು ಧರ್ಮದ ಕಥೆ ಮಾಡಿದರೂ ಹಿಡಿಯದು, ದೇಶಭಕ್ತಿಯ ಕಥೆ ಮಾಡಿದರೂ ಹಿಡಿಯದು. ನಿಮ್ಮ ಕಡೆ ಯಾರಾದರೂ ಬರೆದಿದ್ದರೆ, ಕನ್ನಡವಾಗಲಿ ಮಲಯಾಳವಾಗಲಿ, ಸಂಪಾದಕರ ಕೈಯಲ್ಲಿ ಒಂದು ಪ್ರತಿ ನನಗೆ ಕಳಿಸಿ. ಮಲಯಾಳದ್ದಾದರೆ ನಮ್ಮ ಬ್ರ್ಯಾಂಚಿನ ಗೆಳೆಯರೊಬ್ಬರ ಕೈಯಲ್ಲಿ ಓದಿಸಿಕೊಳ್ಳುತ್ತೇನೆ.