ಬಾಡಿಗೆ ಮನೆಯ ತಂಡ

ಸಾವಿರ ಜನರಿಗೆಂದು ಛತ್ರ ಹಿಡಿದು, ಊಟಕ್ಕೆ ಇನ್ನೂರು ಜನ ಬಂದರೆ ಹೇಗಿರುತ್ತದೆ? ಅಡುಗೆ ಎಷ್ಟೇ ಚೆನ್ನಾಗಿರಲಿ, ಕೂತವರ ಕಣ್ಣೆಲ್ಲ ಖಾಲಿ ಸಾಲುಗಳ ಮೇಲೆಯೇ. ಅಮೆರಿಕದ ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಯುಎಬಿ (ಬರ್ಮಿಂಗ್‌ಹ್ಯಾಮ್‌ನ ಅಲಬಾಮ ವಿಶ್ವವಿದ್ಯಾಲಯ) ಎಂಬ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ವರ್ಷಗಟ್ಟಲೆ ಆಡಿದ್ದು ಹೀಗೆಯೇ. ಅಂಗಳದ ಹೆಸರು ಲೀಜನ್ ಫೀಲ್ಡ್, ಆಸನಗಳು 71,594. ಇಪ್ಪತ್ತು ಸಾವಿರ ಜನ ಬಂದರೆ ಆ ತಂಡಕ್ಕೆ ಅದು ಒಳ್ಳೆಯ ಶನಿವಾರ. ಬ್ಯಾಂಡಿನವರು ಬಾರಿಸಿದ ಡೋಲಿನ ಸದ್ದು ಎದುರಿನ ಖಾಲಿ ಬೆಂಚುಗಳಿಗೆ ಬಡಿದು ವಾಪಸು ಬರುತ್ತಿತ್ತು.

ನಮ್ಮಲ್ಲಿ ಕಾಲೇಜು ಪಂದ್ಯವೆಂದರೆ ಸಹಪಾಠಿಗಳು, ಒಂದಿಬ್ಬರು ಮೇಷ್ಟ್ರು, ಪಿ.ಟಿ. ಮಾಸ್ತರರ ಸೀಟಿ. ಅಲಬಾಮದಲ್ಲಿ ಹಾಗಲ್ಲ. ಅಲ್ಲಿ ವೃತ್ತಿಪರ ಎನ್‌ಎಫ್‌ಎಲ್ ತಂಡವೇ ಇಲ್ಲ. ಹೆಲ್ಮೆಟ್ ತೊಟ್ಟು, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆ ಆಟಕ್ಕೆ ಕಾಲೇಜು ತಂಡಗಳೇ ಗತಿ. ಮಗು ಹುಟ್ಟುವಾಗಲೇ ಮನೆ ಯಾವ ಪಕ್ಷ ಎನ್ನುವುದು ತೀರ್ಮಾನವಾಗಿರುತ್ತದೆ: ಟಸ್ಕಲೂಸಾದ ಅಲಬಾಮ ವಿಶ್ವವಿದ್ಯಾಲಯ, ಇಲ್ಲವೇ ಆಬರ್ನ್. ಈ ಎರಡು ದೊಡ್ಡ ಮನೆತನಗಳ ನಡುವೆ 1991ರಲ್ಲಿ ತಂಡ ಕಟ್ಟಿದ್ದು ಯುಎಬಿ. ವೈದ್ಯಕೀಯ ಶಿಕ್ಷಣ ಮತ್ತು ಆಸ್ಪತ್ರೆಗೆ ಹೆಸರಾದ, ಫುಟ್‌ಬಾಲಿನಲ್ಲಿ ಮಾತ್ರ ಕಿರಿಯ ತಮ್ಮನಂತಿದ್ದ ವಿಶ್ವವಿದ್ಯಾಲಯ ಅದು.

ಈ ತಂಡಕ್ಕೆ ನಗರದ ದುಡ್ಡಿನಲ್ಲಿ ಹೊಸ ಕ್ರೀಡಾಂಗಣ ಬೇಕೇ ಎಂಬ ವಾದ 2018ರ ಮಾರ್ಚ್‌ನಲ್ಲಿ ಒಂದು ಹಂತ ಮುಟ್ಟಿತು. ವರ್ಷಕ್ಕೆ 30 ಲಕ್ಷ ಡಾಲರ್‌ನಂತೆ 30 ವರ್ಷ ಕೊಡಲು ನಗರದ ಕೌನ್ಸಿಲ್ ಬಹುಮತದಿಂದ ಒಪ್ಪಿತು. ಒಟ್ಟು 9 ಕೋಟಿ ಡಾಲರ್. ಕ್ರೀಡಾಂಗಣ ಎದ್ದಿದೆ, ಅದರ ಗಾರೆ ಕಾಂಕ್ರೀಟಿನ ಗುಣದೋಷ ಹೇಳುವುದು ಎಂಜಿನಿಯರುಗಳ ಕೆಲಸ. ನನಗೆ ಮುಖ್ಯವಾದದ್ದು ಅದಕ್ಕೂ ಮುಂಚೆ ಅಭಿಮಾನಿಗಳು ನಡೆಸಿದ ಜಗಳ. ಊರಿನ ಜನ ತಮ್ಮ ಪ್ರೀತಿಯ ವಸ್ತುವಿಗಾಗಿ ಸಾರ್ವಜನಿಕ ಹಣ ಕೇಳುವಾಗ ಯಾವ ಮಾತಿನಲ್ಲಿ ಕೇಳುತ್ತಾರೆ, ಆ ಮಾತು ಎಷ್ಟು ಗಟ್ಟಿ ಎಂದು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈ ಜಗಳದ ಬೇರು ಹಳೆಯದು. 2011ರಲ್ಲಿ ಯುಎಬಿ ತನ್ನ ಕ್ಯಾಂಪಸ್ಸಿನಲ್ಲೇ ಮೂವತ್ತು ಸಾವಿರದೊಳಗಿನ ಒಂದು ಸಣ್ಣ ಕ್ರೀಡಾಂಗಣ ಕಟ್ಟಿಕೊಳ್ಳುವ ಯೋಜನೆ ಮಾಡಿತ್ತು. ಟಸ್ಕಲೂಸಾದ ವಿಶ್ವವಿದ್ಯಾಲಯಕ್ಕೂ ಬರ್ಮಿಂಗ್‌ಹ್ಯಾಮ್‌ನ ಯುಎಬಿಗೂ ಒಂದೇ ಆಡಳಿತ ಮಂಡಳಿ. ಆ ಮಂಡಳಿ ಯೋಜನೆಯನ್ನು ಮುಂದಕ್ಕೆ ಹೋಗಲು ಬಿಡಲಿಲ್ಲ. ದೊಡ್ಡಣ್ಣನ ಮನೆಯವರೇ ತಮ್ಮನ ಮನೆಗೆ ಪಾಯ ತೋಡಲು ಬಿಡಲಿಲ್ಲ ಎಂಬ ಅನುಮಾನ ಅಭಿಮಾನಿಗಳ ಮನಸ್ಸಿನಲ್ಲಿ ಅಂದೇ ಕೂತಿತು. 2014ರ ಡಿಸೆಂಬರ್ 2ರಂದು ಅದಕ್ಕಿಂತ ದೊಡ್ಡ ಪೆಟ್ಟು ಬಿತ್ತು. ವಿಶ್ವವಿದ್ಯಾಲಯದ ಅಧ್ಯಕ್ಷ ರೇ ವಾಟ್ಸ್ ಫುಟ್‌ಬಾಲ್ ತಂಡವನ್ನೇ ಮುಚ್ಚುವುದಾಗಿ ಘೋಷಿಸಿದರು. ಆರು ಪಂದ್ಯ ಗೆದ್ದು, ಹಂಗಾಮಿನ ಕೊನೆಗೆ ಆಯ್ದ ತಂಡಗಳು ಆಡುವ ಬೋಲ್ ಪಂದ್ಯಕ್ಕೆ ಅರ್ಹತೆ ಪಡೆದ ವರ್ಷವೇ ಅದು. ಕಾರಣ ಲೆಕ್ಕ: ಮುಂದಿನ ಐದು ವರ್ಷ ತಂಡ ಸಾಕಲು ಹೆಚ್ಚುವರಿಯಾಗಿ 4.9 ಕೋಟಿ ಡಾಲರ್ ಬೇಕು, ಅಷ್ಟು ತಮ್ಮಲ್ಲಿಲ್ಲ. ಅಂದು ಆಟಗಾರರ ಕೋಣೆಯಲ್ಲಿ ಚಿತ್ರೀಕರಿಸಿದ ವಿಡಿಯೊ ಇದೆ. ಸೇನೆಯಲ್ಲಿ ದುಡಿದು ಬಂದಿದ್ದ ಒಬ್ಬ ಆಟಗಾರ ಎದ್ದು ನಿಂತು, ಸಂಖ್ಯೆಗಳನ್ನು ಹೇಳುತ್ತಿದ್ದ ಅಧ್ಯಕ್ಷರನ್ನು ಅಳುವೂ ಸಿಟ್ಟೂ ಬೆರೆತ ದನಿಯಲ್ಲಿ ಪ್ರಶ್ನಿಸುತ್ತಾನೆ. ಅದನ್ನು ನೋಡಿದವರಿಗೆ ಆ ದನಿ ಮರೆಯುವುದಿಲ್ಲ.

ಊರು ಸುಮ್ಮನಿರಲಿಲ್ಲ. ಪ್ರತಿಭಟನೆ ನಡೆಯಿತು, ವ್ಯಾಪಾರಿಗಳೂ ಹಳೆಯ ವಿದ್ಯಾರ್ಥಿಗಳೂ ಕೈಯಿಂದ ದುಡ್ಡು ಹಾಕುವ ಮಾತು ಕೊಟ್ಟರು. ಆಮೇಲೆ ಬಂದ ಬೇರೆ ಅಧ್ಯಯನ ಮೊದಲಿನ ಲೆಕ್ಕವನ್ನೇ ಪ್ರಶ್ನಿಸಿತು. 2015ರ ಜೂನ್ 1ರಂದು ತೀರ್ಮಾನ ಹಿಂದಕ್ಕೆ ಹೋಯಿತು. ಎರಡು ಹಂಗಾಮು ಮೈದಾನಕ್ಕಿಳಿಯದೆ ಕಾದ ತಂಡ 2017ರ ಸೆಪ್ಟೆಂಬರ್‌ನಲ್ಲಿ ಮರಳಿ ಆಡಿದಾಗ ಲೀಜನ್ ಫೀಲ್ಡ್‌ಗೆ 45 ಸಾವಿರ ಜನ ಬಂದರು. ಸತ್ತಿದ್ದಾರೆಂದು ಊರೆಲ್ಲ ಹೇಳಿದ ಮನುಷ್ಯ ಬಾಗಿಲು ತಟ್ಟಿದರೆ ಮನೆಯವರು ಓಡಿ ಬರುವುದಿಲ್ಲವೇ, ಹಾಗೆ.

ಕ್ರೀಡಾಂಗಣದ ವಾದವನ್ನು ಇಷ್ಟು ಹಿನ್ನೆಲೆಯಿಟ್ಟು ಓದಬೇಕು. ಲೆಕ್ಕದ ಹೆಸರಿನಲ್ಲಿ ತಂಡ ಕಳೆದುಕೊಂಡ ಈ ಜನ ಮುಂದೆ ಲೆಕ್ಕದ ಭಾಷೆಯಲ್ಲೇ ಮಾತಾಡಲು ಕಲಿತರು. ಹೋಟೆಲುಗಳು ತುಂಬುತ್ತವೆ, ಕೆಲಸ ಹುಟ್ಟುತ್ತವೆ, ಊರಿನ ನಡುಭಾಗ ಚಿಗುರುತ್ತದೆ, ತೆರಿಗೆ ಹೆಚ್ಚುತ್ತದೆ, 2021ಕ್ಕೆ ವರ್ಲ್ಡ್ ಗೇಮ್ಸ್ ಎಂಬ ಅಂತರರಾಷ್ಟ್ರೀಯ ಕ್ರೀಡಾಕೂಟ ಬರುತ್ತಿದೆ ಎಂದರು. ತಮಗೆ ಗಾಯ ಮಾಡಿದ ಆಯುಧವನ್ನೇ ಅವರು ಕೈಗೆತ್ತಿಕೊಂಡರು. ಅದು ಅವರ ಕೈಗೆ ಒಗ್ಗಲಿಲ್ಲ.

ಯಾಕೆಂದರೆ ಆ ಲೆಕ್ಕ ನಿಲ್ಲುವುದಿಲ್ಲ. ರೋಜರ್ ನೋಲ್ ಮತ್ತು ಆ್ಯಂಡ್ರೂ ಜಿಂಬಲಿಸ್ಟ್ 1997ರಲ್ಲಿ ಸಂಪಾದಿಸಿದ ಪುಸ್ತಕದಿಂದ ಹಿಡಿದು ಇಂದಿನವರೆಗೆ ಅರ್ಥಶಾಸ್ತ್ರಜ್ಞರು ಈ ವಿಷಯದಲ್ಲಿ ಬಹುಮಟ್ಟಿಗೆ ಒಂದೇ ಮಾತು ಹೇಳಿದ್ದಾರೆ: ಸಾರ್ವಜನಿಕ ಹಣದ ಕ್ರೀಡಾಂಗಣಗಳು ಹಾಕಿದ್ದನ್ನು ಹಿಂದಿರುಗಿಸುವುದಿಲ್ಲ. ಕಾರಣ ಸರಳ. ಶನಿವಾರ ಪಂದ್ಯಕ್ಕೆ ಖರ್ಚು ಮಾಡಿದ ಕುಟುಂಬ ಪಂದ್ಯ ಇಲ್ಲದಿದ್ದರೆ ಅದೇ ದುಡ್ಡನ್ನು ಅದೇ ಊರಿನ ಹೋಟೆಲಿಗೋ ಸಿನಿಮಾಕ್ಕೋ ಕೊಡುತ್ತಿತ್ತು. ಹಣ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಯಿತೇ ಹೊರತು ಊರಿನ ಗಂಟು ದಪ್ಪವಾಗಲಿಲ್ಲ. ನಾನೇ ಒಂದು ಲೆಕ್ಕ ಹಾಕುತ್ತೇನೆ. ತಂಡ ತವರಿನಲ್ಲಿ ಆಡುವುದು ವರ್ಷಕ್ಕೆ ಆರು ಪಂದ್ಯ. ನಗರ ಕೊಡುವ 30 ಲಕ್ಷವನ್ನು ಅಷ್ಟಕ್ಕೇ ಹಂಚಿದರೆ ಪಂದ್ಯವೊಂದಕ್ಕೆ 5 ಲಕ್ಷ ಡಾಲರ್ ಆಯಿತು. ಬೇರೆ ಕಾರ್ಯಕ್ರಮಗಳೂ ನಡೆಯುತ್ತವೆ, ನಿಜ. ಅವನ್ನು ಸೇರಿಸಿದರೂ ಇದು ಹಗುರ ಮೊತ್ತವಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಸುಮಾರು ಎರಡು ಲಕ್ಷ ಜನರ ಊರಿನಲ್ಲಿ ತಲೆಗೆ ವರ್ಷಕ್ಕೆ 15 ಡಾಲರ್. ಇದನ್ನು ಹೀಗೆಯೇ ಜನರ ಮುಂದಿಟ್ಟು, ‘ನಮ್ಮ ಊರಿನ ತಂಡಕ್ಕಾಗಿ ವರ್ಷಕ್ಕೆ ಇಷ್ಟು ಕೊಡುತ್ತೀರಾ, ಇದರಿಂದ ಲಾಭವಿಲ್ಲ, ಸಂತೋಷವಿದೆ’ ಎಂದು ಕೇಳಿದ್ದರೆ? ಆ ಪ್ರಶ್ನೆ ಪ್ರಾಮಾಣಿಕವಾಗಿರುತ್ತಿತ್ತು. ಗ್ರಂಥಾಲಯಕ್ಕೆ, ಉದ್ಯಾನಕ್ಕೆ, ಜಾತ್ರೆಗೆ ಜನ ಲಾಭ ನೋಡಿ ಕೊಡುವುದಿಲ್ಲ. ಆದರೆ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಬಡತನದ ರೇಖೆಯ ಕೆಳಗಿದ್ದ ಊರಿನಲ್ಲಿ ಆ ಪ್ರಶ್ನೆ ಕೇಳಲು ಧೈರ್ಯ ಬೇಕಿತ್ತು. ಅಭಿಮಾನಿಗಳ ವಾದದಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದೇ.

ಅವರ ಗಟ್ಟಿ ವಾದ ಬೇರೆಯದಿತ್ತು, ಅದು ಅಳತೆಯ ವಾದ. ದೊಡ್ಡಣ್ಣನ ಅಂಗಿ ತೊಟ್ಟ ಹುಡುಗನ ಹಾಗೆ ಲೀಜನ್ ಫೀಲ್ಡ್ ಈ ತಂಡಕ್ಕೆ ಎಂದೂ ಹೊಂದಲಿಲ್ಲ. ಹೊಸ ಆಟಗಾರನನ್ನು ಕರೆತಂದು ಮೈದಾನ ತೋರಿಸಿದರೆ ಅವನ ಕಣ್ಣಿಗೆ ಬೀಳುತ್ತಿದ್ದುದು ಐವತ್ತು ಸಾವಿರ ಖಾಲಿ ಆಸನ. ಟಿವಿಯಲ್ಲಿ ನೋಡುವವರಿಗೆ ಇದು ಯಾರಿಗೂ ಬೇಡದ ತಂಡ ಎನ್ನಿಸುತ್ತಿತ್ತು, ಇಪ್ಪತ್ತು ಸಾವಿರ ಜನ ಗಂಟಲು ಹರಿಯುವಂತೆ ಕೂಗುತ್ತಿದ್ದರೂ. ಆಟದ ಹುರುಪಿಗೂ ಜನದ ಒತ್ತಣೆಗೂ ಇರುವ ಸಂಬಂಧ ನಾಟಕ, ಯಕ್ಷಗಾನ ನೋಡಿದವರಿಗೆ ಹೇಳಿಕೊಡಬೇಕಿಲ್ಲ. ಈ ವಾದ ಮುಂದಿಟ್ಟವರೇ ಹೊಸದು ಎಷ್ಟು ದೊಡ್ಡದಿರಬೇಕು ಎಂಬಲ್ಲಿ ಸಡಿಲವಾದರು. 2011ರಲ್ಲಿ ಸಾಕೆನಿಸಿದ್ದ ಮೂವತ್ತು ಸಾವಿರ, ನಗರದ ಯೋಜನೆಯಲ್ಲಿ ನಲವತ್ತೈದು ಸಾವಿರ ದಾಟಿತು. ದುಡ್ಡು ಸಿಗುವ ಸಂಭ್ರಮದಲ್ಲಿ ತಮ್ಮ ಅತಿ ಒಳ್ಳೆಯ ತರ್ಕವನ್ನು ತಾವೇ ಅರ್ಧ ಬಿಟ್ಟುಕೊಟ್ಟರು.

ಇದಕ್ಕಿಂತ ಹೆಚ್ಚು ನೋವಿನದು ಯಜಮಾನಿಕೆಯ ಪ್ರಶ್ನೆ. ಈ ಅಭಿಮಾನಿಗಳ ಒಳಗಿನ ಆಸೆ ಸ್ವಂತ ಸೂರು. ಕ್ಯಾಂಪಸ್ಸಿನಲ್ಲಿ, ತರಗತಿ ಮುಗಿಸಿ ನಡೆದುಕೊಂಡು ಹೋಗುವಷ್ಟು ದೂರದಲ್ಲಿ, ಯಾರೂ ಎಬ್ಬಿಸಲಾಗದ ಒಂದು ಅಂಗಳ. ಸಿಕ್ಕಿದ್ದು ನಗರದ ಕನ್ವೆನ್ಷನ್ ಕಾಂಪ್ಲೆಕ್ಸ್‌ನ ಮಗ್ಗುಲಲ್ಲಿ, ಹೆದ್ದಾರಿಯ ಆಚೆ, ಆ ಕಾಂಪ್ಲೆಕ್ಸ್‌ನ ಪ್ರಾಧಿಕಾರದ ಒಡೆತನದ ಕ್ರೀಡಾಂಗಣ. ತಂಡ ಅಲ್ಲಿಯೂ ಬಾಡಿಗೆದಾರನೇ. ‘ಸದ್ಯ ಇದಾದರೂ ಬರಲಿ, ಕ್ಯಾಂಪಸ್ಸಿನ ಕನಸು ನೋಡುತ್ತ ಕೂತರೆ ಇದೂ ಹೋದೀತು’ ಎಂದವರಿದ್ದರು. ‘ಹಳೆ ಬಾಡಿಗೆ ಮನೆಯಿಂದ ಹೊಸ ಬಾಡಿಗೆ ಮನೆಗೆ ಹೋಗುವುದಕ್ಕೆ ಇಷ್ಟು ಸಂಭ್ರಮವೇ’ ಎಂದವರೂ ಇದ್ದರು. ಎರಡನೆಯವರ ಮಾತನ್ನು ಮೊದಲನೆಯವರು ತಂಡದ್ರೋಹ ಎಂಬಂತೆ ಕಂಡದ್ದು ತಪ್ಪು. ತಂಡವನ್ನು ಮುಚ್ಚುವ ಅಧಿಕಾರ ಇನ್ನೂ ಟಸ್ಕಲೂಸಾ, ಬರ್ಮಿಂಗ್‌ಹ್ಯಾಮ್ ಎರಡನ್ನೂ ಆಳುವ ಆ ಆಡಳಿತ ಮಂಡಳಿಯ ಕೈಯಲ್ಲೇ ಇತ್ತು. ಎಷ್ಟು ಕಾಂಕ್ರೀಟ್ ಸುರಿದರೂ ಅದು ಕೈ ಬದಲಾಗುವುದಿಲ್ಲ. ಭಯದಿಂದ ಮನೆ ಕಟ್ಟಿದವರು ಭಯದ ಮೂಲವನ್ನು ಮುಟ್ಟಲಿಲ್ಲ.

ಇನ್ನು ಹಳೆಯ ಅಂಗಳದ ಮಾತು. ಅದರ ಬಗ್ಗೆ ಹೊಸತರ ಪರ ಇದ್ದವರು ಬಳಸಿದ ಪದಗಳು ತುಕ್ಕು, ಸೋರಿಕೆ, ಕೆಟ್ಟ ಏರಿಯಾ. ಮೊದಲೆರಡು ನಿಜ. 2004ರಲ್ಲಿ ಎಂಜಿನಿಯರುಗಳು ದೋಷ ಕಂಡ ಮೇಲಂತಸ್ತನ್ನು ಮರುವರ್ಷ ಕೆಡವಬೇಕಾಯಿತು. ‘ದಕ್ಷಿಣದ ಫುಟ್‌ಬಾಲ್ ರಾಜಧಾನಿ’ ಎಂಬ ಬರಹ ಆ ಅಂತಸ್ತಿನ ಮುಂಭಾಗದಲ್ಲೇ ಇತ್ತು. ಆದರೆ ಮೂರನೆಯ ಪದ ನನ್ನನ್ನು ಕಾಡುತ್ತದೆ. ಲೀಜನ್ ಫೀಲ್ಡ್ ಇರುವುದು ಊರಿನ ಪಶ್ಚಿಮಕ್ಕೆ, ಕಪ್ಪು ಜನರು ಬಹುಸಂಖ್ಯೆಯಲ್ಲಿರುವ ಬಡಾವಣೆಗಳ ನಡುವೆ. ನಾಗರಿಕ ಹಕ್ಕುಗಳ ಹೋರಾಟದ ಕಾಲದಲ್ಲಿ ಬಾಂಬು ಬಿದ್ದು ಬಿದ್ದು ‘ಡೈನಮೈಟ್ ಹಿಲ್’ ಎಂದು ಹೆಸರಾದ ಗುಡ್ಡ ಅಲ್ಲಿಂದ ದೂರವಿಲ್ಲ. 1927ರಲ್ಲಿ ತೆರೆದ ಆ ಮೈದಾನದಲ್ಲಿ ದಶಕಗಳ ಕಾಲ ಅಲಬಾಮ ವಿಶ್ವವಿದ್ಯಾಲಯದ ಬಿಳಿಯರ ತಂಡ ಆಡಿತು. 1970ರ ಸೆಪ್ಟೆಂಬರ್ 12ರಂದು ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸ್ಯಾಮ್ ಕನಿಂಗ್‌ಹ್ಯಾಮ್ ಎಂಬ ಕಪ್ಪು ಆಟಗಾರ ಇಲ್ಲಿಯೇ 135 ಗಜ ಓಡಿ ಆ ತಂಡವನ್ನು 42–21ರಿಂದ ಸೋಲಿಸಲು ನೆರವಾದ. ಆ ಸಂಜೆಯೇ ದಕ್ಷಿಣದ ಫುಟ್‌ಬಾಲ್ ಬದಲಾಯಿತು ಎಂದು ಕಥೆ ಹೇಳುತ್ತಾರೆ. ಕಥೆ ಸ್ವಲ್ಪ ಉಬ್ಬಿದೆ; ವಿಲ್ಬರ್ ಜಾಕ್ಸನ್ ಎಂಬ ಕಪ್ಪು ಆಟಗಾರ ಅಷ್ಟರಲ್ಲಾಗಲೇ ವಿದ್ಯಾರ್ಥಿವೇತನ ಪಡೆದು ಅಲಬಾಮಕ್ಕೆ ಸೇರಿದ್ದ. ಆದರೂ ಆ ಮೈದಾನದ ಮಣ್ಣಿಗೆ ಅಂಥ ನೆನಪಿದೆ ಎನ್ನುವುದು ಸುಳ್ಳಲ್ಲ.

ಪಂದ್ಯದ ದಿನ ಆ ಬೀದಿಗಳಲ್ಲಿ ನಡೆಯುವ ಒಂದು ಸಣ್ಣ ವ್ಯಾಪಾರವನ್ನು ವಾದ ಮಾಡಿದವರಲ್ಲಿ ಹೆಚ್ಚಿನವರು ಕಂಡೇ ಇದ್ದರು, ತಕ್ಕಡಿಗೆ ಮಾತ್ರ ಹಾಕಲಿಲ್ಲ. ಮನೆಯ ಯಜಮಾನ ಬೆಳಗ್ಗೆಯೇ ಹುಲ್ಲು ಕತ್ತರಿಸಿ, ರಟ್ಟಿನ ತುಂಡಿನ ಮೇಲೆ ದರ ಬರೆದು, ಬೀದಿಗೆ ಬಂದು ಕೈ ಬೀಸಿ ಕಾರುಗಳನ್ನು ತನ್ನ ಅಂಗಳಕ್ಕೆ ಕರೆಯುತ್ತಾನೆ. ಬಂಪರಿಗೆ ಬಂಪರು ತಾಗುವಷ್ಟು ಹತ್ತಿರ ನಿಲ್ಲಿಸಿ, ಬೇಗ ಹೊರಡುವವರು ಯಾರು ಎಂದು ಕೇಳಿಟ್ಟುಕೊಳ್ಳುತ್ತಾನೆ. ಪಕ್ಕದಲ್ಲೇ ಇದ್ದಲಿನ ಒಲೆಯ ಮೇಲೆ ಪಕ್ಕೆಲುಬಿನ ಮಾಂಸ ಬೇಯುತ್ತಿರುತ್ತದೆ. ಊರಿನ ಆರ್ಥಿಕತೆಗೆ ಲಾಭ ಎಂದು ಅಷ್ಟು ಮಾತಾಡಿದವರು ಈ ಮನುಷ್ಯನ ಶನಿವಾರದ ದುಡ್ಡನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕನ್ವೆನ್ಷನ್ ಕಾಂಪ್ಲೆಕ್ಸ್‌ನ ಪಾರ್ಕಿಂಗ್ ಕಟ್ಟಡಗಳಲ್ಲಿ ಅವನಿಗೆ ಅಂಗಳವಿಲ್ಲ. ಕೌನ್ಸಿಲಿನಲ್ಲಿ ವಿರೋಧಿಸಿದವರು ಬಡಾವಣೆಗಳ ಪಾಳುಮನೆ, ಮುರಿದ ಫುಟ್‌ಪಾತ್ ನೆನಪಿಸಿದಾಗ ಅಭಿಮಾನಿಗಳಲ್ಲಿ ಕೆಲವರು ಅದನ್ನು ಹೊಟ್ಟೆಕಿಚ್ಚೆಂದು ತಳ್ಳಿಹಾಕಿದ್ದು ನನಗೆ ಬೇಸರ ತರಿಸುತ್ತದೆ. ತಮ್ಮನ್ನು ಕಡೆಗಣಿಸಿದರೆಂದು ಮೂರು ವರ್ಷ ಹಿಂದೆ ಬೀದಿಗಿಳಿದವರು ಅವರು. ಕಡೆಗಣನೆಯ ರುಚಿ ಗೊತ್ತಿದ್ದವರಿಗೆ ನೆರೆಯವನ ಮಾತು ಬೇಗ ಕೇಳಿಸಬೇಕಿತ್ತು.

ಅವರನ್ನು ದೂಷಿಸಿ ಮುಗಿಸುವ ಮನಸ್ಸು ನನಗಿಲ್ಲ. ಲೀಜನ್ ಫೀಲ್ಡ್ ಉಳಿಸಬೇಕೆಂದವರ ವಾದವೂ ಬಹುಪಾಲು ಹಳಹಳಿಕೆಯೇ ಆಗಿತ್ತು. ಅಲಬಾಮ–ಆಬರ್ನ್ ಪಂದ್ಯ 1998ರ ನಂತರ ಅಲ್ಲಿಗೆ ಬರಲೇ ಇಲ್ಲ, ದೊಡ್ಡ ಮನೆತನಗಳು ತಂತಮ್ಮ ಊರಿನಲ್ಲಿ ದೊಡ್ಡ ಕ್ರೀಡಾಂಗಣ ಕಟ್ಟಿಕೊಂಡು ಹೋದವು. ಅವರು ಬಿಟ್ಟುಹೋದ ಹಳೆ ಬಂಗಲೆಯನ್ನು ನೀನು ಗುಡಿಸಿ ಇಟ್ಟುಕೋ ಎಂದು ಕಿರಿಯ ತಂಡಕ್ಕೆ ಹೇಳುವುದು ನ್ಯಾಯವಲ್ಲ. ಯುಎಬಿಯವರ ಆಸೆಯಲ್ಲಿ ಘನತೆಯಿತ್ತು. ಆ ಘನತೆಗೆ ತಕ್ಕ ಮಾತು ಮಾತ್ರ ಅವರಿಗೆ ಸಿಗಲಿಲ್ಲ, ಅಥವಾ ಸಿಕ್ಕರೂ ಕೌನ್ಸಿಲಿನ ಮುಂದೆ ಆಡಲು ನಾಚಿದರು.

ಹೊಸ ಕ್ರೀಡಾಂಗಣ 2021ರ ಅಕ್ಟೋಬರ್ 2ರಂದು ತೆರೆಯಿತು. ಬಾಗಿಲ ಮೇಲೆ ಪ್ರೊಟೆಕ್ಟಿವ್ ಎಂಬ ವಿಮಾ ಕಂಪನಿಯ ಹೆಸರು. ಮೊದಲ ಪಂದ್ಯಕ್ಕೆ 37 ಸಾವಿರಕ್ಕೂ ಹೆಚ್ಚು ಜನ. ಲಿಬರ್ಟಿ ವಿಶ್ವವಿದ್ಯಾಲಯದ ಎದುರು ತಂಡ 36–12ರಿಂದ ಸೋತಿತು. ಸೋತರೂ ಯುಎಬಿಯ ಹಸಿರು ಅಂಗಿ ತೊಟ್ಟ ಜನ ಒಬ್ಬರಿಗೊಬ್ಬರು ಭುಜ ತಾಗುವಷ್ಟು ಹತ್ತಿರ ಕೂತಿದ್ದರು, ಹಳೆಯ ಅಂಗಳದಲ್ಲಿ ಅವರು ಹಾಗೆ ಕೂತದ್ದು ಅಪರೂಪ.

ಲೀಜನ್ ಫೀಲ್ಡ್ ಇನ್ನೂ ಇದೆ. ಮೂಲತಃ ಕಪ್ಪು ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಎರಡು ವಿಶ್ವವಿದ್ಯಾಲಯಗಳು, ಅಲಬಾಮ ಎ ಆ್ಯಂಡ್ ಎಂ ಮತ್ತು ಅಲಬಾಮ ಸ್ಟೇಟ್, ತಮ್ಮ ಮ್ಯಾಜಿಕ್ ಸಿಟಿ ಕ್ಲಾಸಿಕ್ ಪಂದ್ಯವನ್ನು ಅಲ್ಲಿಂದ ಕದಲಿಸಲಿಲ್ಲ. ಅವರ ಜನಕ್ಕೆ ಹೊಸ ಕ್ರೀಡಾಂಗಣದ 47 ಸಾವಿರ ಆಸನ ಸಾಲದು. ಅಕ್ಟೋಬರ್ ಕೊನೆಯ ಶನಿವಾರ ಮೈದಾನದ ಪಕ್ಕದ ಗ್ರೇಮಾಂಟ್ ಅವೆನ್ಯೂವಿನ ಸುತ್ತಲ ಅಂಗಳಗಳಲ್ಲಿ ಮತ್ತೆ ರಟ್ಟಿನ ಬೋರ್ಡು ಹೊರಬೀಳುತ್ತದೆ, ಬೆಳಗ್ಗೆಯೇ ಒಲೆ ಹೊತ್ತಿಕೊಳ್ಳುತ್ತದೆ, ಕಾರುಗಳು ಬಂಪರಿಗೆ ಬಂಪರು ತಾಗಿಸಿಕೊಂಡು ನಿಲ್ಲುತ್ತವೆ.