ಕಲ್ಕುಡನ ಎಡಗೈ: ಪಾಡ್ದನದಲ್ಲಿ ಭಾರದ ಅರಿವು

ಕಲ್ಕುಡ-ಕಲ್ಲುರ್ಟಿ ಪಾಡ್ದನವನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಅಂಗಚ್ಛೇದದ ಪ್ರಸಂಗವನ್ನೇ ಕೇಂದ್ರವಾಗಿಸಿಕೊಂಡಿವೆ. ಕಾರ್ಕಳದ ಗೊಮ್ಮಟನನ್ನು ಕಡೆದ ಬೀರ ಕಲ್ಕುಡನ ಎಡಗೈ, ಬಲಗಾಲುಗಳನ್ನು ಭೈರರಸ ಕಡಿಸಿದ, ತಂಗಿ ಕಲ್ಲುರ್ಟಿ ಸೇಡು ತೀರಿಸಿದಳು, ಇಬ್ಬರೂ ದೈವಗಳಾದರು. ಪ್ರಭುತ್ವದ ಕ್ರೌರ್ಯ, ಅದಕ್ಕೆದುರಾದ ಪ್ರತಿರೋಧ ಎಂಬ ಈ ಓದು ತಪ್ಪಲ್ಲ. ಆದರೆ ಅದು ಕಲ್ಕುಡನನ್ನು ನೊಂದವನೆಂದು ಕಾಣುವಷ್ಟು ಬಲ್ಲವನೆಂದು ಕಾಣುವುದಿಲ್ಲ. ಪಾಡ್ದನವಾದರೋ ಅವನ ಕಸುಬಿನ ತಿಳಿವಳಿಕೆಯನ್ನೂ ಹಾಡುತ್ತದೆ.

ಎ.ಸಿ. ಬರ್ನೆಲ್ ಸಂಗ್ರಹದಿಂದ 1890ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚಾದ ಪಾಠವನ್ನು ನೋಡಬಹುದು. ಬೆಳಗೊಳದಲ್ಲಿ ತಂದೆ ಕಡೆದ ವಿಗ್ರಹದಲ್ಲಿ ಮಗ ದೋಷ ಕಾಣುತ್ತಾನೆ: ಕಲ್ಲಿನೊಳಗೆ ಕಪ್ಪೆ. ಇದನ್ನು ಪವಾಡವೆಂದು ಬದಿಗಿರಿಸುವುದು ವಾಡಿಕೆ. ಕಪ್ಪೆಯಿರುವ ಕಲ್ಲೆಂದರೆ ಪೊಳ್ಳಿರುವ ಕಲ್ಲು. ಹೊರಗೆ ಕಾಣದ ಬಿರುಕನ್ನು ಕಲ್ಲುಕುಟಿಗರು ಸುತ್ತಿಗೆಯ ನಾದದಿಂದ ಅರಿಯುತ್ತಾರೆ. ಗಟ್ಟಿ ಕಲ್ಲು ಗಣಗಣಿಸುತ್ತದೆ, ಬಿರುಕುಬಿಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ಒಂದೇ ದಿಕ್ಕಿನ ಎಳೆತಕ್ಕೆ ಸಿಕ್ಕ ಕಲ್ಲಿನಲ್ಲಿ ಗೋಳಾಕಾರದ ಪೊಳ್ಳಿದ್ದರೆ ಅದರ ಅಂಚಿನಲ್ಲಿ ಎಳೆತ ಸುಮಾರು ಇಮ್ಮಡಿಯಾಗುತ್ತದೆ. ಕಪ್ಪೆ ಇಲ್ಲಿ ಅಲಂಕಾರವಲ್ಲ, ಎಚ್ಚರಿಕೆ.

ಎರಡನೆಯದು ವಿಗ್ರಹವನ್ನು ನಿಲ್ಲಿಸುವ ಪ್ರಸಂಗ. ನೆರೆದ ಜನರೆಲ್ಲ ಸೇರಿದರೂ ಏಳದ ಕಾರ್ಕಳದ ಗೊಮ್ಮಟನನ್ನು ಕಲ್ಕುಡ ಎಡಗೈ ಕೊಟ್ಟು ಎಬ್ಬಿಸುತ್ತಾನೆ. ಸುಮಾರು 42 ಅಡಿ ಎತ್ತರದ, 1432ರಲ್ಲಿ ವೀರಪಾಂಡ್ಯ ಪ್ರತಿಷ್ಠಾಪಿಸಿದ ಈ ಶಿಲೆ ನೆಟ್ಟಗೆ ನಿಂತಾಗ ಬಹುಪಾಲು ಒತ್ತಡವನ್ನಷ್ಟೇ ಹೊರುತ್ತದೆ. ಅಷ್ಟೆತ್ತರದ ಸಮಗಾತ್ರದ ಶಿಲಾಸ್ತಂಭದ ಬುಡದಲ್ಲಿ ಚದರ ಸೆಂಟಿಮೀಟರಿಗೆ ಬೀಳುವ ಭಾರ ಸುಮಾರು ಮೂರೂವರೆ ಕಿಲೋ. ಒಳ್ಳೆಯ ಕಣಶಿಲೆ ಸಾವಿರ ಕಿಲೋವನ್ನೂ ತಾಳಬಲ್ಲದು. ಅದೇ ಸ್ತಂಭ ಎರಡು ತುದಿಗಳ ಆಧಾರದಲ್ಲಿ ಮಲಗಿದಾಗ ಬಾಗತೊಡಗಿ, ಅಡಿಭಾಗ ಎಳೆತಕ್ಕೆ ಸಿಕ್ಕುತ್ತದೆ. ದಪ್ಪವು ಉದ್ದದ ಎಂಟನೆಯ ಒಂದು ಭಾಗವೆಂದಿಟ್ಟುಕೊಂಡರೆ ಆ ಎಳೆತ ನಿಂತಾಗಿನ ಒತ್ತಡದ ಆರು ಪಟ್ಟು. ಎಳೆತವನ್ನು ತಾಳುವ ಶಕ್ತಿಯಾದರೋ ಶಿಲೆಗೆ ತೀರಾ ಕಡಿಮೆ. ಕಡೆಯುವುದಕ್ಕಿಂತ ಎಬ್ಬಿಸುವುದೇ ಅಪಾಯದ ಗಳಿಗೆ. ಪಾಡ್ದನ ಜನಸ್ತೋಮವನ್ನು ಸೋಲಿಸುವುದು ಆ ಗಳಿಗೆಯಲ್ಲೇ. ಬೆಳಗೊಳದ ಮೂರ್ತಿ ಬೆಟ್ಟದ ಬಂಡೆಯಲ್ಲೇ ಕಡೆದದ್ದು. ಕಾರ್ಕಳದ್ದನ್ನು ಬೇರೆಡೆ ಕಡೆದು ಬೆಟ್ಟಕ್ಕೆ ಸಾಗಿಸಿದರೆಂಬುದು ಪರಂಪರೆ. ಎಬ್ಬಿಸುವ ಕತೆ ಕಾರ್ಕಳಕ್ಕೇ ಅಂಟಿಕೊಂಡಿರುವುದು ಈ ದೃಷ್ಟಿಯಿಂದ ಗಮನಾರ್ಹ.

ಹಾಗೆಂದು ಪಾಡ್ದನವನ್ನು ಭೌತಶಾಸ್ತ್ರದ ಪಠ್ಯವೆನ್ನಲಾಗದು, ಚರಿತ್ರೆಯೆಂದೂ ಹಿಡಿಯಲಾಗದು. ಕೈ ಕಳೆದುಕೊಂಡ ಕಲ್ಕುಡನನ್ನು ಅದು ವೇಣೂರಿಗೂ ಕರೆದೊಯ್ಯುತ್ತದೆ. ವೇಣೂರಿನ ಗೊಮ್ಮಟ ನಿಂತದ್ದು 1604ರಲ್ಲಿ. 172 ವರ್ಷಗಳನ್ನು ಒಂದೇ ಆಯುಷ್ಯಕ್ಕೆ ಇಳಿಸಿದ ಕಾವ್ಯವಿದು. ಅದು ಉಳಿಸಿಕೊಂಡಿರುವುದು ಕಾಲಗಣನೆಯನ್ನಲ್ಲ, ಕಸುಬಿನ ಅನುಭವವನ್ನು.

ಈ ನೆಲೆಯಲ್ಲಿ ನೋಡಿದರೆ ಅಂಗಚ್ಛೇದದ ಅರ್ಥವೂ ಬೇರೆಯಾಗುತ್ತದೆ. ಅರಸ ಕಡಿಸಿದ್ದು ಗೊಮ್ಮಟನ ಭಾರ ಹೊತ್ತ ಎಡಗೈಯನ್ನೇ. ಅಂಥ ಮೂರ್ತಿ ಇನ್ನೊಂದೆಡೆ ಏಳಬಾರದೆಂದರೆ ಇಲ್ಲವಾಗಬೇಕಾದದ್ದು ಕಲ್ಲಿನ ಗುಣ ಬಲ್ಲ ಆ ಕೈ. ಪ್ರಭುತ್ವ ಅಂಜಿದ್ದು ಶ್ರಮಕ್ಕಲ್ಲ, ಜ್ಞಾನಕ್ಕೆ. ಪಾಡ್ದನದ ಪಾಠಗಳನ್ನು ಭಾಷೆ ಮತ್ತು ಆಚರಣೆಗಳ ನೆಲೆಯಲ್ಲಿ ಸಾಕಷ್ಟು ಪರಿಶೀಲಿಸಿದ್ದೇವೆ. ಅವುಗಳನ್ನು ಕಾರ್ಕಳದ ಕಲ್ಲುಕುಟಿಗರ ಮುಂದಿಟ್ಟು ಅರ್ಥ ಕೇಳುವ ಕೆಲಸವೂ ನಮ್ಮ ಜಾನಪದ ಅಧ್ಯಯನಕ್ಕೆ ಸೇರಿದ್ದೇ ಆಗಿದೆ.